ಬುಧವಾರದ ಉಪವಾಸ

ಹಲ್ಲಿಗೆ ಸಿಮೆಂಟು ತುಂಬಿಸಿಕೊಂಡು ಬಂದ ಮೇಲೆ ನಾಲಿಗೆಗೆ ಬೇರೆ ಕೆಲಸವೇ ಇರುವುದಿಲ್ಲ. ನೀವು ಎಷ್ಟೇ ಗದರಿಸಿ, ಹೊಸ ಬಾಡಿಗೆದಾರರ ಮನೆಗೆ ಇಣುಕುವ ನೆರೆಯವಳ ಹಾಗೆ ಅದು ಹೋಗಿ ಹೋಗಿ ಆ ಹಲ್ಲನ್ನೇ ಮುಟ್ಟಿ ಬರುತ್ತದೆ. ಈಗಲೂ ನೋಡಿ, ಇದನ್ನು ಬರೆಯುತ್ತ ಕೂತಿದ್ದೇನೆ, ನಾಲಿಗೆ ಅಲ್ಲೇ ಇದೆ. ಸಿಮೆಂಟು ಹಾಕಿಸಿ ತಿಂಗಳುಗಳು ಕಳೆದವು. ಹಲ್ಲು ಕಲ್ಲಿನಂತೆ ಗಟ್ಟಿಯಾಗಿದೆ. ಆದರೆ ಈ ಕೊನೆಯ ಮಾತು ನಮ್ಮ ನಿಮ್ಮೊಳಗೇ ಇರಲಿ. ನಮ್ಮ ಮನೆಯಲ್ಲಿ ನನಗೆ ಇನ್ನೂ ಹಲ್ಲುನೋವು ಇದೆ ಎಂದೇ ಲೆಕ್ಕ.

ಹಲ್ಲು ಮುರಿದದ್ದು ನನ್ನ ಜಂಬದಿಂದ. ಬಾಗಲಕೋಟೆಯಲ್ಲಿರುವ ನನ್ನ ತಂಗಿ, ಪುಣೆಗೆ ಹೊರಟವರು ಯಾರೇ ಸಿಕ್ಕರೂ ಅವರ ಕೈಗೊಂದು ಬಿಳಿ ಬಟ್ಟೆಯ ಗಂಟು ಕೊಟ್ಟು ಕಳಿಸುತ್ತಾಳೆ. ಗಂಟಿನಲ್ಲಿ ಕಟಕ ರೊಟ್ಟಿ, ಅಂದರೆ ಒಲೆಯ ಬದಿಗೆ ನಿಲ್ಲಿಸಿ ಒಣಗಿಸಿದ ಜೋಳದ ರೊಟ್ಟಿ, ಜೊತೆಗೆ ಶೇಂಗಾ ಚಟ್ನಿ. ನಮ್ಮವರು ಸ್ಕೂಟರಿನ ಮೇಲೆ ಸ್ವಾರಗೇಟಿಗೆ ಹೋಗಿ, ಬಸ್ಸಿನಿಂದ ಇಳಿದವರ ಕೈಯಿಂದ ಗಂಟು ಇಸಕೊಂಡು, ಒಂದೂ ರೊಟ್ಟಿ ಮುರಿಯದ ಹಾಗೆ ಮನೆಗೆ ತರುತ್ತಾರೆ. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡಾಗ ಒಂದು ದಿನವೂ ಅಷ್ಟು ನಿಧಾನಕ್ಕೆ ಸ್ಕೂಟರ್ ಓಡಿಸಿದವರಲ್ಲ.

ಮಗಳು ಅನುಜಾ ಒಂದು ರೊಟ್ಟಿ ಎತ್ತಿ ಮೇಜಿಗೆ ಬಡಿದು ನೋಡಿದಳು. "ಅಮ್ಮಾ, ಇದು ತಗಡಿನ ಪತ್ರಾ ಇದ್ದಂಗ ಅದ. ಹೆಂಗ ತಿಂತೀ?" ಎಂದಳು. ಪುಣೆಯಲ್ಲಿ ಹುಟ್ಟಿದ ಹುಡುಗಿ, ಹಡಪಸರದ ಕಂಪನಿಯಲ್ಲಿ ಕೆಲಸ, ಮಧ್ಯಾಹ್ನ ಯಾವುದೋ ಮೆತ್ತನೆಯ ಬ್ರೆಡ್ಡು ತಿನ್ನುವ ದವಡೆ. "ನಮ್ಮ ಕಾಲದ ಹಲ್ಲವಾ ಇವು, ನೋಡಿಲ್ಲೆ" ಎಂದು ನಾನು ಎಡಗಡೆಯ ದವಡೆಗೆ ರೊಟ್ಟಿ ಕೊಟ್ಟು ಕಡಿದೆ. ಕಟಕ್ ಎಂದು ಎರಡು ಸಲ ಸದ್ದಾಯಿತು. ಮೊದಲನೆಯದು ರೊಟ್ಟಿಯದು.

ಸದಾಶಿವ ಪೇಠದಲ್ಲಿ ನಮ್ಮ ಓಣಿಯ ಕೊನೆಗೇ ಹಲ್ಲಿನ ಡಾಕ್ಟರು. ಡಾಕ್ಟರು ಅಂದೆ, ಅನುಜಾಳ ವಯಸ್ಸಿನ ಹುಡುಗಿ. ಸೂಜಿ ಚುಚ್ಚಿದಳು, ಕೊರೆದಳು, ತುಂಬಿದಳು, ನೀಲಿ ದೀಪ ಹಿಡಿದಳು. ಆಮೇಲೆ ಕೈಗವಸು ಬಿಚ್ಚುತ್ತ ಮರಾಠಿಯಲ್ಲಿ ಶುರುಮಾಡಿದಳು. "ಕಾಕೂ, ದೋನ್ ತಾಸ್ ಕಾಹೀ ಖಾಊ ನಕಾ." ಎರಡು ತಾಸು ಏನೂ ತಿನ್ನಬಾರದು, ಜೋಮು ಹಿಡಿದ ಕೆನ್ನೆಯನ್ನು ನಾನೇ ಕಚ್ಚಿಕೊಂಡುಬಿಡುತ್ತೇನಂತೆ. ಆಮೇಲೂ ಕೆಲವು ದಿನ ಗರಮ್ ನಕೋ, ಥಂಡ ನಕೋ, ಕಡಕ್ ನಕೋ, ಅಂದರೆ ಬಿಸಿ, ತಣ್ಣಗಿನದು, ಗಟ್ಟಿ ಯಾವುದೂ ಬೇಡ. ದೊಡ್ಡ ಗುಂಡಿ ಇತ್ತು, ಸ್ವಲ್ಪ ದಿನ ಜುಂ ಎನ್ನುತ್ತದೆ, ಬಲಗಡೆಯೇ ಅಗಿಯಿರಿ ಎಂದಳು. ಬಲಗಡೆಯ ದವಡೆ ಹಲ್ಲು ಕೀಳಿಸಿ ವರ್ಷಗಳಾದವು ಎಂದು ಹೇಳಲು ಬಾಯಿ ತೆರೆದೆ. ಮಾತಿನ ಬದಲು ಜೊಲ್ಲು ಬಂತು. ಬಾಯಿ ಮುಚ್ಚಿಕೊಂಡು ಹೊರಬಿದ್ದೆ.

ದಾರಿಯಲ್ಲಿ ಲಿಂಬೆಹಣ್ಣು ಕೊಳ್ಳಲು ನಿಂತೆ. ನನ್ನ ಮರಾಠಿ ಮೊದಲೇ ಬಾಗಲಕೋಟೆಯ ಕಡೆ ವಾಲಿದ್ದು, ಈಗ ತುಟಿಯೂ ಕೈಕೊಟ್ಟಿತ್ತು. ಗಾಡಿಯವಳು ನನ್ನ ಮುಖವನ್ನೇ ಕರುಣೆಯಿಂದ ನೋಡಿ ಒಂದು ಹಣ್ಣು ಹೆಚ್ಚಿಗೆ ಹಾಕಿದಳು. ಇದು ಲಾಭವೋ ಅವಮಾನವೋ ಎಂದು ಯೋಚಿಸುತ್ತ ಮನೆಗೆ ಬಂದೆ.

ಮನೆಯಲ್ಲಿ ಅತ್ತೆಯವರು ಬಾಲ್ಕನಿಯ ಕುರ್ಚಿಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದರು. ನಾನು "ಬಂದೆ" ಎಂದದ್ದು ಅವರಿಗೆ ಏನಾಗಿ ಕೇಳಿತೋ. "ಏನವಾ ಸುಮಾ, ಬಾಯಿ ಎಲ್ಲಿ ಬಿಟ್ಟು ಬಂದಿ?" ಎಂದರು. ಎರಡು ತಾಸು ಕಳೆಯಲು ಕಾಯ್ದೆ. ಎರಡು ತಾಸಿನಲ್ಲಿ ನನಗೆ ಆದಷ್ಟು ಹಸಿವು ಯಾವ ಏಕಾದಶಿಗೂ ಆಗಿರಲಿಲ್ಲ. ಗಂಟೆ ಮುಗಿದ ಕೂಡಲೇ ಒಂದು ಲೋಟ ಮಜ್ಜಿಗೆ ಎತ್ತಿದೆ. ಜೋಮು ಪೂರ್ತಿ ಇಳಿದಿರಲಿಲ್ಲ ಎಂದು ಕಾಣುತ್ತದೆ, ಅರ್ಧ ಬಾಯಿಗೆ, ಅರ್ಧ ಸೀರೆಗೆ. ಅತ್ತೆಯವರು ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ಒಂದು ಚಮಚ, ಕೈ ಒರೆಸುವ ಒಂದು ಸಣ್ಣ ಪಂಚೆ ಇತ್ತು. ಪಂಚೆಯನ್ನು ನನ್ನ ಕೊರಳಿಗೆ ಸಿಕ್ಕಿಸಿದರು.

"ಲೋಟ ಎತ್ತಬ್ಯಾಡ. ಚಮಚಾದ್ಲೆ ಸ್ವಲ್ಪ ಸ್ವಲ್ಪ ತಗೋ. ತಲಿ ಈಕಡೆ ವಾಲಸು. ಹಾಂ, ಈಗ ನುಂಗು" ಎಂದರು.

ಹಾಗೆ ಮಾಡಿದೆ, ಒಂದು ತೊಟ್ಟೂ ಚೆಲ್ಲಲಿಲ್ಲ. ಇಷ್ಟು ಚೊಕ್ಕವಾಗಿ ಇದೆಲ್ಲ ಇವರಿಗೆ ಹೇಗೆ ಗೊತ್ತು ಎಂದು ಒಂದು ಕ್ಷಣವಾದರೂ ಯೋಚಿಸಬೇಕಿತ್ತು. ನಾನು ಮಜ್ಜಿಗೆಯ ಯೋಚನೆಯಲ್ಲಿದ್ದೆ.

ಇಲ್ಲಿ ನಮ್ಮ ಅತ್ತೆಯವರ ಉಪವಾಸಗಳ ವಿಷಯ ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಅವರಿಗೆ ಎಂಬತ್ತರ ಹತ್ತಿರ. ಮೊದಲಿನಿಂದಲೂ ಶನಿವಾರ ಒಂದು ಇತ್ತು, ಹನುಮಪ್ಪನದು. ಆಮೇಲೆ ಒಂದು ಸೋಮವಾರ ಇದ್ದಕ್ಕಿದ್ದಂತೆ ಶಿವನ ಹೆಸರಿನಲ್ಲಿ ಉಪವಾಸ ಹಿಡಿದರು. ಸ್ವಲ್ಪ ದಿನಕ್ಕೆ ಗುರುವಾರ ರಾಯರು ಸೇರಿಕೊಂಡರು. ಪುಣೆಯಲ್ಲಿ ಇದ್ದು ಗಣಪತಿಯನ್ನು ಬಿಟ್ಟರೆ ಹೇಗೆ ಎಂದು ಮಂಗಳವಾರ ಬಂತು. ಶುಕ್ರವಾರ ಲಕ್ಷ್ಮಿ ತಾನಾಗಿಯೇ ಬಂದಳು. ಆ ದಿನಗಳಲ್ಲಿ ಸಂಜೆ ನಮ್ಮ ಊಟಕ್ಕೆ ಮೊದಲೇ ಅಡುಗೆಮನೆಯ ಸ್ಟೂಲಿನ ಮೇಲೆ ಒಬ್ಬರೇ ಕೂತು ಫಳಾರ ಮುಗಿಸುವರು. ಸಾಬೂದಾಣಿ ಖಿಚಡಿ, ಇಲ್ಲವೇ ಬಾಳೆಹಣ್ಣು ಹಾಲು, ಇಲ್ಲವೇ ಕುದಿಸಿದ ಗೆಣಸು. ಉಳಿದದ್ದು ಬುಧವಾರ, ರವಿವಾರ. ಅವತ್ತೂ "ಮಧ್ಯಾಹ್ನದ್ದ ಇನ್ನೂ ಕರಗಿಲ್ಲ" ಎಂದು ಎರಡು ತುತ್ತು ಅನ್ನಕ್ಕೆ ಕೈತೊಳೆಯುವರು.

ಎದುರು ಮನೆಯ ಕಾಕೂಗೆ ಅತ್ತೆಯವರೆಂದರೆ ನಡೆದಾಡುವ ದೇವಸ್ಥಾನ. "ಆಜೀಂಚೀ ಶ್ರದ್ಧಾ ಬಘಾ!" ಎಂದು ಅಜ್ಜಿಯ ಭಕ್ತಿಯನ್ನು ಬಂದುಹೋದವರಿಗೆಲ್ಲ ತೋರಿಸುವಳು. ನನಗೂ ಒಳಗೊಳಗೆ ಹೆಮ್ಮೆಯೇ, ಸುಳ್ಳು ಯಾಕೆ ಹೇಳಲಿ. ಆದರೆ ಹೆಮ್ಮೆಯ ಬೆನ್ನಿಗೇ ಭಯ ಶುರುವಾಗಿತ್ತು. ಅತ್ತೆಯವರ ಬಳೆಗಳು ಮೊಣಕೈತನಕ ಜಾರತೊಡಗಿದವು. ಕುಪ್ಪಸಗಳನ್ನು ಮತ್ತೆ ಮತ್ತೆ ಹಿಡಿದು ಹೊಲಿದೆ. ಮನೆಯ ಡಾಕ್ಟರು ನಮ್ಮವರನ್ನು ಪಕ್ಕಕ್ಕೆ ಕರೆದು, ರೋಗ ಏನೂ ಇಲ್ಲ, ಹೊಟ್ಟೆಗೆ ಸಾಲುತ್ತಿಲ್ಲ, ಹೀಗೇ ಇಳಿದರೆ ಮುಂದಿನ ಚಳಿಗಾಲ ಕಷ್ಟ ಎಂದರು.

ಅವತ್ತು ನಮ್ಮವರು ತಾಯಿಯ ಎದುರು ಕೂತು ಬೇಡಿಕೊಂಡದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. "ಅವ್ವಾ, ಕೈ ಮುಗೀತೀನಿ, ಇಷ್ಟು ದೇವರು ಬ್ಯಾಡ. ಒಬ್ಬರನ್ನ ಇಟ್ಕೋ, ಉಳದವರನ್ನ ಬಿಡು."

"ದೇವರನ್ನ ಬಿಡು ಅಂತೀಯಲ್ಲೋ, ನಾಲಿಗಿ ಹೆಂಗ ಬಂತೋ ನಿನಗ?" ಎಂದು ಅವರು ನಕ್ಕುಬಿಟ್ಟರು. ನಮ್ಮವರು ನಗಲಿಲ್ಲ. ಎದ್ದು ಹೋಗಿ ಬಾಲ್ಕನಿಯಲ್ಲಿ ನಿಂತರು. ಅವರು ಅಳುವುದನ್ನು ನಾನು ಮದುವೆಯಾದ ಮೇಲೆ ನೋಡಿದ್ದು ಕಡಿಮೆ.

ಇದರ ಜೊತೆಗೆ ನಮ್ಮ ಮನೆಯ ಪಂಕ್ತಿಯ ಕಟ್ಟಳೆಯನ್ನೂ ಹೇಳಬೇಕು. ನಮ್ಮ ಮಾವನವರು ಈಗಿಲ್ಲ. ಯಾವುದೋ ಆಫೀಸಿನ ಕಾರಕೂನರಾಗಿ ಪುಣೆಗೆ ಬಂದವರು. ಊರಿಂದ ಅವರು ತಂದದ್ದು ಒಂದು ಟ್ರಂಕು, ಒಂದು ನಿಯಮ ಎಂದು ಅತ್ತೆ ತಮಾಷೆ ಮಾಡುತ್ತಿದ್ದರು. ನಿಯಮ ಇಷ್ಟೇ, ಒಟ್ಟಿಗೆ ಕೂತವರು ಒಟ್ಟಿಗೇ ಏಳಬೇಕು. ನಿಮ್ಮದು ಮುಗಿದರೂ ಪಕ್ಕದವರದು ಮುಗಿಯುವತನಕ ಎಂಜಲು ಕೈ ಒಣಗಿಸಿಕೊಂಡು ಕೂತಿರಬೇಕು. ಒಬ್ಬರನ್ನೇ ತಾಟಿನ ಮುಂದೆ ಬಿಟ್ಟು ಎದ್ದರೆ, ನೀನು ಉಣ್ಣೋದು ಉಣ್ಣು, ನಮಗೇನು ಎಂದ ಹಾಗಾಗುತ್ತದೆ ಎಂದು ಅವರು ಹೇಳುತ್ತಿದ್ದರು. ಮೊಣಕಾಲು ನೋವು ಬಂದು ಮಣೆ ಹೋಯಿತು, ಡೈನಿಂಗ್ ಟೇಬಲ್ ಬಂತು. ಪಂಕ್ತಿಯೂ ನಮ್ಮ ಜೊತೆಗೇ ಕುರ್ಚಿ ಹತ್ತಿ ಕೂತಿತು.

ನನಗೆ ಈ ನಿಯಮ ಹೊಸದಲ್ಲ. ತವರಲ್ಲೂ ಇತ್ತು, ಅಲ್ಲಿ ಅದರ ಏಟು ತಿಂದವಳು ನಾನೇ. ಚಿಕ್ಕಂದಿನಲ್ಲಿ ನಾನು ಊಟದಲ್ಲಿ ಆಮೆ. ಒಂದು ಹೋಳಿಗೆಯನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುವುದು ನನ್ನ ಪದ್ಧತಿ. ಒಂದು ಮುಂಜಿಯಲ್ಲಿ ಯಾರೋ ನನ್ನನ್ನು ದೊಡ್ಡವರ ಸಾಲಿನಲ್ಲಿ ಕೂರಿಸಿಬಿಟ್ಟರು. ಎಲ್ಲರ ಎಲೆ ಖಾಲಿಯಾಯಿತು. ನಾನಿನ್ನೂ ಹೋಳಿಗೆಯ ಪ್ರದಕ್ಷಿಣೆಯಲ್ಲಿದ್ದೆ. ತಲೆ ಎತ್ತಿ ನೋಡಿದರೆ ಉದ್ದಕ್ಕೂ ಜನ ನನ್ನನ್ನೇ ನೋಡುತ್ತಿದ್ದಾರೆ. ಬಡಿಸುವವರು ಸೌಟು ಹಿಡಿದು ನಿಂತಿದ್ದಾರೆ. ಮುಂದಿನ ಪಂಕ್ತಿಯವರು ಬಾಗಿಲಲ್ಲಿ ಕೆಮ್ಮುತ್ತಿದ್ದಾರೆ. "ಸಾವಕಾಶ ಆಗ್ಲಿ, ಸಾವಕಾಶ ಆಗ್ಲಿ" ಎಂದು ಯಜಮಾನರು ಹೇಳುವುದೇನೋ ಹೇಳಿದರು. ಹೇಳುವಾಗ ಅವರ ಕಣ್ಣು ಬಾಗಿಲಲ್ಲಿ ಕಾಯುತ್ತಿದ್ದವರ ಮೇಲೆಯೇ ಇತ್ತು. ನನಗೆ ಅಳು ಬಂತು, ಹೋಳಿಗೆ ಒಳಗೆ ಇಳಿಯಲೊಲ್ಲದು.

ಆಗ ನನ್ನ ಪಕ್ಕದಲ್ಲಿದ್ದ ಗುಂಡೂ ಕಾಕಾ ಬೊಗಸೆ ಮುಂದೆ ಚಾಚಿದರು. "ಮಜ್ಜಿಗಿ ತರ್ರಿ" ಎಂದರು. ಹಾಕಿದರು, ಸೊರ್ ಎಂದು ಕುಡಿದರು. "ಇನ್ನೊಂಚೂರು." ಹಾಕಿದರು. "ಛೊಲೊ ಅದರಿ ಮಜ್ಜಿಗಿ, ಇನ್ನೊಂದ ಸೌಟ ಬರಲಿ." ಜನ ನನ್ನನ್ನು ಬಿಟ್ಟು ಅವರನ್ನು ನೋಡಿ ನಗತೊಡಗಿದರು. ಹೊಟ್ಟೆಬಾಕ ಗುಂಡ್ಯಾ ಎಂದು ಯಾರೋ ಅಂದರು. ಅಷ್ಟರಲ್ಲಿ ನನ್ನ ಹೋಳಿಗೆ ಮುಗಿದಿತ್ತು. ಅವರೂ ಸಾಕು ಎಂದರು. ಎಲ್ಲರೂ ಎದ್ದರು. ಅವತ್ತಿನಿಂದ ನಮ್ಮ ಬಳಗದಲ್ಲಿ ಅವರಿಗೆ ಮಜ್ಜಿಗಿ ಕಾಕಾ ಎಂದೇ ಹೆಸರು ಬಿತ್ತು, ನಾನೂ ಹಾಗೇ ಕರೆದು ನಕ್ಕಿದ್ದೇನೆ.

ಇರಲಿ, ಎಲ್ಲಿಂದಲೋ ಎಲ್ಲಿಗೋ ಬಂದೆ. ಸಿಮೆಂಟು ಹಾಕಿಸಿದ ದಿನ ಮಂಗಳವಾರ. ಅತ್ತೆಯವರದು ಗಣಪತಿಯ ಫಳಾರ ಮುಗಿದಿತ್ತು. ಮೇಜಿಗೆ ನಾವು ಮೂವರೇ ಕೂತೆವು. ಜೋಮೇನೋ ಇಳಿದಿತ್ತು, ಆದರೆ ಎಡಗಡೆ ಮುಟ್ಟಿದರೆ ಜುಂ, ಬಲಗಡೆ ಹಲ್ಲೇ ಇಲ್ಲ. ಮುಂದಿನ ಹಲ್ಲಿನಿಂದ ಮೊಲದ ಹಾಗೆ ರೊಟ್ಟಿ ಮೆಲ್ಲುತ್ತ ಕೂತೆ. ನಮ್ಮವರ ಊಟ ಮುಗಿಯಿತು. ಅನುಜಾಳದು ಮುಗಿಯಿತು. ಇಬ್ಬರೂ ಕೈ ಒಣಗಿಸಿಕೊಂಡು ಕೂತರು. ಮಗಳಿಗೆ ಆಫೀಸಿನ ಕಾಲ್ ಇತ್ತು, ಎಡಗೈಯಲ್ಲಿ ಫೋನು ಮೇಜಿನ ಕೆಳಗೆ ಬೆಳಗುತ್ತಿತ್ತು. ನಮ್ಮವರು ಟೀವಿಯ ಕಡೆ ನೋಡಲಿಲ್ಲ, ಗಡಿಯಾರದ ಕಡೆಯೂ ನೋಡಲಿಲ್ಲ. ನೋಡದೆ ಇರಲು ಪಡುತ್ತಿದ್ದ ಕಷ್ಟ ಮಾತ್ರ ಮುಖದಲ್ಲಿ ಕಾಣುತ್ತಿತ್ತು.

"ಸಾವಕಾಶ ಆಗ್ಲಿ ಸುಮಾ, ಏನ ಗಡಬಡಿ ಇಲ್ಲ" ಎಂದರು.

ಎಷ್ಟು ಒಳ್ಳೆಯವರು ನೋಡಿ. ಒಬ್ಬರಾದರೂ ಗೊಣಗಿದ್ದರೆ ನಾನೂ ತಿರುಗಿಸಿ ಎರಡು ಮಾತಾಡಿ ಹಗುರಾಗುತ್ತಿದ್ದೆ. ಅಗಿಯದೇ ಎರಡು ತುತ್ತು ನುಂಗಿದೆ, ಗಂಟಲಲ್ಲಿ ಸಿಕ್ಕಿತು, ನೀರು ಕುಡಿದೆ, ಅದು ತಣ್ಣೀರು, ಹಲ್ಲು ತಲೆಯತನಕ ಜುಂ ಎಂದಿತು. ಅರ್ಧ ರೊಟ್ಟಿ ಹಾಗೇ ಬಿಟ್ಟು "ಸಾಕಾತು" ಎಂದು ಎದ್ದೆ. ಅಡುಗೆಮನೆಯ ಬಾಗಿಲಲ್ಲಿ ಅತ್ತೆಯವರು ನಿಂತಿದ್ದರು. ನನ್ನ ತಾಟನ್ನು ನೋಡಿದರು.

ಮರುದಿನ ಬೆಳಗಿನಿಂದಲೇ ನನಗೆ ರಾತ್ರಿಯ ಊಟದ ಚಿಂತೆ. ನಗಬೇಡಿ. ಗಂಡ, ಹೊಟ್ಟೆಯಲ್ಲಿ ಹುಟ್ಟಿದ ಮಗಳು, ಅವರ ಎದುರು ಒಂದು ರೊಟ್ಟಿ ನಿಧಾನಕ್ಕೆ ತಿನ್ನಲು ಇಷ್ಟು ಅಂಜಿಕೆಯೇ ಎಂದು ನನ್ನನ್ನು ನಾನೇ ಬೈದುಕೊಂಡೆ. ಆದರೂ ಆ ಒಣಗಿದ ಕೈಗಳು ಕಣ್ಣಮುಂದೆ ಬಂದವು. ಸಂಜೆ ಅನುಜಾ ತಾಟು ಹಾಕುವಾಗ ನನ್ನ ಬಾಯಿಂದ ಮಾತು ತಾನಾಗಿ ಬಂತು.

"ನಂದೊಂದ ತಾಟ ಬಿಡು. ನನಗ ಇವತ್ತ ಉಪವಾಸ."

ನಮ್ಮವರು ತಿರುಗಿ ನೋಡಿದರು. "ಬುಧವಾರ ಯಾ ದೇವರದು?"

"ಅಮ್ಮಾ, ಬುಧವಾರಚಾ ಕುಠಲಾ ಉಪವಾಸ?" ಎಂದು ಅನುಜಾ ಗಾಬರಿಗೆ ಮರಾಠಿಗೇ ಹೋದಳು.

"ಅದ ಒಂದು. ನೀವು ಉಣ್ರಿ" ಎಂದು ನಾನು ಅಡುಗೆಮನೆಗೆ ನುಗ್ಗಿದೆ.

ಅತ್ತೆಯವರು ಅಲ್ಲಿ ತಮ್ಮ ಸ್ಟೂಲಿನ ಮೇಲೆ ಕೂತಿದ್ದರು. ನನ್ನನ್ನು ನೋಡಿದರು. ಆ ನೋಟವನ್ನು ಹೇಗೆ ಹೇಳಲಿ? ನಾವು ಯಾರಿಗೂ ಕಾಣದಂತೆ ಬಚ್ಚಿಟ್ಟ ಸೀರೆಯನ್ನೇ ಇನ್ನೊಬ್ಬಳು ಉಟ್ಟುಕೊಂಡು ಎದುರು ಬಂದರೆ ಹೇಗೆ ನೋಡುತ್ತೇವೆ, ಹಾಗೆ ನೋಡಿದರು. ಸೋಮವಾರ, ಮಂಗಳವಾರ, ಗುರುವಾರ, ಶುಕ್ರವಾರ ಎಲ್ಲ ಒಂದರ ಹಿಂದೊಂದು ತಲೆಯಲ್ಲಿ ಬಂದು ನಿಂತವು. ಖಿಚಡಿ, ಬಾಳೆಹಣ್ಣು, ಕುದಿಸಿದ ಗೆಣಸು. ಅಗಿಯುವುದೇ ಬೇಕಾಗದ ಪದಾರ್ಥಗಳು. ಅತ್ತೆಯವರು ಹಲ್ಲೆಲ್ಲ ಕೀಳಿಸಿ ಕವಳಿ, ಅಂದರೆ ಹಲ್ಲಿನ ಸೆಟ್ಟು ಮಾಡಿಸಿದ ಮೇಲೆಯೇ ಅಲ್ಲವೇ ಆ ದೇವರುಗಳೆಲ್ಲ ಬರಲು ಶುರುವಾದದ್ದು?

"ಅತ್ತಿ" ಎಂದೆ.

ಅವರು ದನಿ ತಗ್ಗಿಸಿ, "ಬಾಗಲಾ ಮುಂದ ಮಾಡು" ಎಂದರು. ಬಾಗಿಲು ಎಳೆದುಕೊಂಡೆ. "ಬುಧವಾರ ವಿಠ್ಠಲಂದು ಅಂತಾರ ಖರೆ. ಆದರ ಅಂವ ಉಣಬ್ಯಾಡ ಅನ್ನೋ ದೇವರಲ್ಲ. ಸುಳ್ಳ ಹೇಳೂದಾದ್ರ ವಾರ ನೋಡಿ ಹೇಳಬೇಕವಾ, ಹುಚ್ಚಿ."

ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ನೆಲದ ಮೇಲೆ ಅವರ ಕಾಲ ಹತ್ತಿರ ಕೂತೆ. ಅವರು ಮೆಲ್ಲಗೆ ಹೇಳಿದರು. ಕವಳಿ ಹಾಕಿಕೊಂಡು ಮಾತಾಡಲು ಬರುತ್ತದೆ, ಫೋಟೋಕ್ಕೆ ನಗಲು ಬರುತ್ತದೆ, ಅಗಿಯಲು ಹೋದರೆ ಒಸಡಿಗೆ ಚುಚ್ಚುತ್ತದೆ. ತೆಗೆದಿಟ್ಟು ಉಂಡರೆ ತುಟಿಯಿಂದ ಸಾರು ಇಳಿಯುತ್ತದೆ, ಒಂದು ತುತ್ತಿಗೆ ಒಂದು ಯುಗ. ಒಂದು ರವಿವಾರ ರಾತ್ರಿ ಮಗ, ಮೊಮ್ಮಗಳು, ನಾನು ಎಲ್ಲರೂ ಹೀಗೇ ಕೈ ಒಣಗಿಸಿಕೊಂಡು ಇವರಿಗಾಗಿ ಕೂತಿದ್ದೆವಂತೆ. ಅನುಜಾಳ ಗೆಳತಿಯರು ಕೆಳಗೆ ಸ್ಕೂಟರಿನ ಹಾರ್ನ್ ಹೊಡೆಯುತ್ತಿದ್ದರಂತೆ. ಅವಳು ಏಳಲಿಲ್ಲವಂತೆ. ನನಗೆ ಅದು ನೆನಪೇ ಇಲ್ಲ.

"ಕೂಸು ಒಂದ ಮಾತ ಅನ್ನಲಿಲ್ಲ. ಅದಕ್ಕ ನನಗ ಭಾಳ ಕೆಟ್ಟನಿಸ್ತು" ಎಂದರು ಅತ್ತೆ. "ಮರದಿನ ಸೋಮವಾರ ಇತ್ತು. ಶಿವ ನೆನಪಾದ."

"ನಮಗ ಹೇಳಬಾರದಿತ್ತೇನ್ರಿ?"

"ಏನಂತ ಹೇಳಲಿ? ನನ್ನ ಬಿಟ್ಟು ಏಳ್ರಿ ಅನ್ನಲಾ? ನಿಮ್ಮ ಮಾವನವರು ಹಾಕಿಟ್ಟ ಪದ್ಧತಿ. ಅವರು ಇದ್ದಾಗ ನಾ ಕಡೀಕ ಬಡಿಸ್ಕೊಂಡು ಉಣ್ಣಾಕ ಕೂತರ, ತಮ್ಮದು ಮುಗದಿದ್ರೂ ನನ್ನ ಎದುರಿಗೆ ಕೂಡತಿದ್ರು. ಓಣ್ಯಾಗ ಯಾವ ಗಂಡಸೂ ಹಂಗ ಕೂಡತಿದ್ದಿಲ್ಲ. ಅದನ್ನ ನಾನ ಮುರೀಲಾ?"

ಯಾರೂ ಒಬ್ಬರೇ ಉಣ್ಣಬಾರದು ಎಂದು ಹುಟ್ಟಿದ ನಿಯಮ ಈಕೆಯನ್ನು ವರ್ಷಗಟ್ಟಲೆ ಒಬ್ಬರೇ ಸ್ಟೂಲಿನ ಮೇಲೆ ಕೂರಿಸಿತ್ತು. "ಹಂಗಾದ್ರ ಮಧ್ಯಾಹ್ನ ಯಾಕ ಉಣ್ಣಲಿಲ್ಲರೀ? ಮಧ್ಯಾಹ್ನ ಮನ್ಯಾಗ ಯಾರೂ ಇರಂಗಿಲ್ಲ, ನಾ ಅನ್ನ ಮಾಡಿ ಮುಚ್ಚಿಟ್ಟು ಹೋಗತಿದ್ದೆ" ಎಂದೆ. ನಾನು ಒಂದು ಶಾಲೆಯ ಲೈಬ್ರರಿಯಲ್ಲಿ ಕೆಲಸ ಮಾಡುವವಳು, ಸಂಜೆಗೇ ಮನೆ.

ಅತ್ತೆಯವರಿಗೆ ಆಶ್ಚರ್ಯವೇ ಆಯಿತು. "ಅಯ್ಯ, ದೇವರ ಹೆಸರ ಹೇಳಿದ್ಮ್ಯಾಲೆ ಮಧ್ಯಾಹ್ನ ಕದ್ದು ಉಣ್ಣೋದೇನು? ಸುಳ್ಳ ಹೇಳೀನಿ, ಇಲ್ಲ ಅನ್ನಂಗಿಲ್ಲ. ಹೇಳಿದ್ಮ್ಯಾಲೆ ಅದನ್ನ ಖರೇ ಮಾಡಬೇಕಲ್ಲ."

ನೋಡಿ, ಇಂಥವರ ಜೊತೆ ಯಾರು ವಾದ ಮಾಡಬೇಕು? ದೇವರಿಗೂ ಸಾಧ್ಯವಾಗಿಲ್ಲ.

ಆಮೇಲೆ ಅವರು ಸ್ಟೂಲಿನಿಂದ ಎದ್ದರು. "ಹಸದೀಯೇನ?" ಎಂದರು. ಹಸಿದಿದ್ದೆ. ಹಂಚಿನ ಮೇಲೆ ಬಿಸಿ ರೊಟ್ಟಿಯೊಂದು ಇತ್ತು. ಅದನ್ನು ತುಂಡು ಮಾಡಿ ಕಲ್ಲಿನ ಒರಳಿಗೆ ಹಾಕಿದರು, ಬೆಲ್ಲ ಹಾಕಿದರು, ಕುಟ್ಟಿದರು, ಮೇಲೆ ತುಪ್ಪ ಸುರಿದರು. ಬಿಸಿ ಇರುವಾಗಲೇ ಅಂಗೈಯಲ್ಲಿ ಹಿಡಿದು ಒತ್ತಿ ಒತ್ತಿ ಉಂಡೆ ಮಾಡಿದರು. ಮುಟಗಿ. ನಮ್ಮ ಕಡೆ ಹಲ್ಲು ಬರದ ಕೂಸುಗಳಿಗೂ ಹಲ್ಲು ಹೋದ ಮುದುಕರಿಗೂ ಮಾಡಿಕೊಡುವ ತಿನಿಸು. ನಾನು ಅದನ್ನು ತಿಂದು ಎಷ್ಟು ವರ್ಷಗಳಾಗಿದ್ದವೋ. ಆರಿಸಿ ಬಾಯಿಗಿಟ್ಟರೆ ಹಲ್ಲಿನ ನೆನಪೇ ಬರಲಿಲ್ಲ.

"ನೀವೂ ತಗೋರಿ" ಎಂದೆ.

"ನನಗ..." ಎಂದು ಶುರುಮಾಡಿದರು. ಬುಧವಾರ ಅವರಿಗೆ ಉಪವಾಸವಿಲ್ಲ ಎಂದು ಇಬ್ಬರಿಗೂ ಒಟ್ಟಿಗೇ ನೆನಪಾಯಿತು. ಅವರು ಕವಳಿ ತೆಗೆದು ಬಟ್ಟಲಲ್ಲಿಟ್ಟರು. ನನ್ನ ಎದುರು ಅವರು ಹಾಗೆ ಮಾಡಿದ್ದು ಅದೇ ಮೊದಲು. ಇಬ್ಬರೂ ಒಂದೇ ಒರಳಿನಿಂದ ತಿಂದೆವು. ನಾನು ಅವರಿಗಿಂತ ಮೊದಲು ಮುಗಿಸಲಿಲ್ಲ, ಅವರು ನನಗಿಂತ ಮೊದಲು ಮುಗಿಸಲಿಲ್ಲ.

ಅವರ ಗುಟ್ಟನ್ನು ಮಗನಿಗೂ ಮೊಮ್ಮಗಳಿಗೂ ಹೇಳಬಾರದು ಎಂದು ಮಾತು ತೆಗೆದುಕೊಂಡರು. ಹೇಳಿದರೆ ಅವರಿಬ್ಬರೂ ಕ್ಷಮೆ ಕೇಳುತ್ತಾರೆ, ಕ್ಷಮೆ ಕೇಳಿದರೆ ಇವರಿಗೆ ಮತ್ತೆ ತುತ್ತು ಇಳಿಯುವುದಿಲ್ಲ. ಹಾಗಾಗಿ ನಾನು ನನ್ನ ಹಲ್ಲನ್ನೇ ಮುಂದೆ ಮಾಡಿದೆ. ಮರುದಿನ ಎಲ್ಲರೂ ಇರುವಾಗ ಘೋಷಿಸಿದೆ. ಡಾಕ್ಟರು ಹೇಳಿದ್ದಾರೆ, ನಾನು ಮೆತ್ತಗಿನದು ತಿನ್ನಬೇಕು, ಭಾಳ ನಿಧಾನಕ್ಕೆ ತಿನ್ನಬೇಕು, ಎಷ್ಟು ದಿನ ಎಂದು ಹೇಳಲಿಕ್ಕೆ ಬರುವುದಿಲ್ಲ. ಒಬ್ಬಳೇ ಕೊನೆಗೆ ಉಳಿಯಲು ನನಗೆ ನಾಚಿಕೆ. ಅತ್ತೆಯವರು ಜೊತೆಗೆ ಕೂತರೆ ಮಾತ್ರ ಉಣ್ಣುತ್ತೇನೆ.

"ಅವ್ವಾ, ಇಕಿ ಸಲುವಾಗಿ ಆದರೂ ಬಾ" ಎಂದರು ನಮ್ಮವರು.

ಗುರುವಾರವಾಗಿತ್ತು. ಅತ್ತೆ ದೇವರ ಕೋಣೆಯ ಕಡೆ ಒಮ್ಮೆ ನೋಡಿದರು. "ರಾಯರು ಏನೂ ತಿಳ್ಕೊಳ್ಳಂಗಿಲ್ಲ. ಸೊಸಿ ಹಸಗೊಂಡಿರತಾಳ" ಎಂದು ಕುರ್ಚಿ ಎಳೆದು ಕೂತರು. ನಮ್ಮವರು ತಾಯಿಗೆ ಬಡಿಸಲು ಎದ್ದರು. ಒಂದು ಸೌಟು ಅನ್ನ ಹಾಕಿ, ಕೇಳದೆಯೇ ಇನ್ನೊಂದು ಸೌಟು ಹಾಕಿದರು. ನಾನು ಸಾರಿನ ಕಡೆ ನೋಡುತ್ತ ಕೂತೆ.

ಒಂದೊಂದೇ ವಾರ ಬಿಡುಗಡೆಯಾಯಿತು. ಶನಿವಾರ ಮಾತ್ರ ಉಳಿಯಿತು, ಅದು ಖರೇ ಹನುಮಪ್ಪನದು. ಎದುರು ಮನೆಯ ಕಾಕೂಗೆ ಬಹಳ ದುಃಖವಾಯಿತು, ಸೊಸೆಯ ಹಲ್ಲಿನಿಂದ ಮನೆಯ ಪುಣ್ಯ ಹೋಯಿತು ಎಂದು ಯಾರಿಗೋ ಹೇಳಿದಳಂತೆ. ಕವಳಿಯನ್ನು ಅದೇ ಡಾಕ್ಟರು ಹುಡುಗಿಗೆ ತೋರಿಸಿದೆ. ಅವಳು ಅಲ್ಲಲ್ಲಿ ಉಜ್ಜಿ ಕೊಟ್ಟಳು, ಚುಚ್ಚುವುದು ಕಡಿಮೆಯಾಯಿತು, ಆದರೆ ಉಣ್ಣುವ ವೇಗವೇನೂ ಬರಲಿಲ್ಲ. ಈಗ ನಮ್ಮ ಮೇಜಿನಲ್ಲಿ ಊಟ ಎಂದರೆ ದೊಡ್ಡ ಕಾರ್ಯಕ್ರಮ. ಕೈ ಒಣಗಿಸಿಕೊಂಡು ಕೂತ ನಮ್ಮವರು ಆಫೀಸಿನ ಕಥೆ ಹೇಳುತ್ತಾರೆ. ಅನುಜಾ ಫೋನನ್ನು ಒಳಗಿಟ್ಟೇ ಬರುತ್ತಾಳೆ. ನಾನು ತುತ್ತನ್ನು ಬಾಯಲ್ಲಿ ತಿರುಗಿಸುತ್ತ, ಅತ್ತೆಯವರ ತಾಟಿನ ಮೇಲೆ ಒಂದು ಕಣ್ಣಿಟ್ಟು, ಅವರಿಗಿಂತ ಒಂದು ತುತ್ತು ಹಿಂದೆಯೇ ಇರುತ್ತೇನೆ. ಒಮ್ಮೊಮ್ಮೆ ಲೆಕ್ಕ ತಪ್ಪಿ ನನ್ನದು ಮೊದಲು ಮುಗಿಯುವ ಹಾಗೆ ಆದರೆ, ಮಜ್ಜಿಗೆ ಕೇಳುತ್ತೇನೆ. ಇನ್ನೊಂಚೂರು ಕೇಳುತ್ತೇನೆ. ಮೊದಲ ಸಲ ಹಾಗೆ ಕೇಳಿದ ದಿನ ಗುಂಡೂ ಕಾಕಾ ನೆನಪಾಗಿ, ಕುಡಿದ ಮಜ್ಜಿಗೆ ನೆತ್ತಿಗೆ ಹತ್ತಿತು. ಅವರಿಗೆ ಒಂದು ಮಾತು ಹೇಳೋಣವೆಂದರೆ ಅವರು ಹೋಗಿ ಎಷ್ಟೋ ಕಾಲವಾಗಿದೆ.

ಅತ್ತೆಯವರ ಬಳೆಗಳು ಈಗ ಮಣಿಕಟ್ಟಿನ ಹತ್ತಿರ ನಿಂತಿವೆ.

ಕಳೆದ ವಾರ ತಂಗಿಯ ಗಂಟು ಮತ್ತೆ ಬಂತು. ನಮ್ಮವರು ಸ್ವಾರಗೇಟಿನಿಂದ ತಂದಿಟ್ಟು ಹೊರಗೆ ಹೋದರು. ಅನುಜಾ ರವಿವಾರವೂ ಕೆಲಸವೆಂದು ಹಡಪಸರಕ್ಕೆ ಹೋಗಿದ್ದಳು. ಅತ್ತೆ ಮಲಗಿದ್ದಾರೆ ಎಂದುಕೊಂಡೆ. ಗಂಟು ಬಿಚ್ಚಿದೆ, ಆ ಜೋಳದ ವಾಸನೆ ಬಂತು, ನನ್ನ ಕೈ ನನ್ನ ಮಾತು ಕೇಳಲಿಲ್ಲ. ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು, ಶೇಂಗಾ ಚಟ್ನಿಗೆ ಎಣ್ಣೆ ಕಲಸಿ ಹಚ್ಚಿ, ಎಡದವಡೆಯಿಂದಲೇ ಕಟಕಟ ಕಟಕಟ ಕಡಿದೆ. ಒಂದು ರೊಟ್ಟಿ ಮುಗಿಸಿ ಇನ್ನೊಂದಕ್ಕೆ ಕೈಹಾಕಿ ತಿರುಗಿದರೆ ಬಾಗಿಲಲ್ಲಿ ಅತ್ತೆಯವರು.

ಎಷ್ಟು ಹೊತ್ತಿನಿಂದ ನಿಂತಿದ್ದರೋ. ನನ್ನ ಬಾಯಿ ತುಂಬ ರೊಟ್ಟಿ. ಉಗುಳುವಂತಿಲ್ಲ, ಅಗಿದರೆ ಸದ್ದಾಗುತ್ತದೆ. ಅವರು ನನ್ನ ದವಡೆಯನ್ನು ನೋಡಿದರು, ಕೈಯಲ್ಲಿದ್ದ ರೊಟ್ಟಿಯನ್ನು ನೋಡಿದರು. "ನೀರ ಕುಡೀಲಿಕ್ಕೆ ಬಂದಿದ್ದೆ" ಎಂದು ಹೇಳಿ, ನೀರು ಕುಡಿಯದೆಯೇ ಹೋದರು.

ರಾತ್ರಿ ಊಟಕ್ಕೆ ಕೂತಾಗ ನನಗೆ ತಲೆ ಎತ್ತಲು ಧೈರ್ಯವಿರಲಿಲ್ಲ. ಇನ್ನು ಇವರು ಕುರ್ಚಿಯಿಂದ ಎದ್ದು ಸ್ಟೂಲಿಗೇ ಹೋಗುತ್ತಾರೆ, ನಾಳೆ ಸೋಮವಾರ, ಶಿವ ಕಾಯುತ್ತಿದ್ದಾನೆ ಎಂದು ಹೆದರಿಕೊಂಡೇ ಕೂತಿದ್ದೆ. ನಮ್ಮವರ ಊಟ ಮುಗಿಯಿತು. ಅನುಜಾಳದೂ ಮುಗಿಯಿತು. ಅವಳಿಗೆ ಅವತ್ತು ನಿದ್ದೆ ಎಳೆಯುತ್ತಿತ್ತು, ಪಾಪ, ಒಂದು ಸಲ ಆಕಳಿಸಿ ಕುರ್ಚಿಯಲ್ಲಿ ಸ್ವಲ್ಪ ಮುಂದೆ ಸರಿದಳು.

ಅತ್ತೆಯವರ ತಾಟಿನಲ್ಲಿ ಇನ್ನೂ ಅನ್ನವಿತ್ತು. ನನ್ನ ತಾಟಿನಲ್ಲಿ, ಎಂದಿನಂತೆ, ಒಂದು ತುತ್ತು ಹೆಚ್ಚಿತ್ತು. ಅವರು ಎಡಗೈಯಿಂದ ಮೊಮ್ಮಗಳ ಮೊಣಕೈ ಹಿಡಿದು ಮೆಲ್ಲಗೆ ಹಿಂದಕ್ಕೆ ಕೂರಿಸಿದರು.

"ಸ್ವಲ್ಪ ಕೂಡವಾ" ಎಂದರು. "ನಿಮ್ಮವ್ವಗ ಹಲ್ಲಬ್ಯಾನಿ ಇನ್ನೂ ಕಡಿಮಿ ಆಗಿಲ್ಲ."

ಆಮೇಲೆ ನನ್ನ ಕಡೆ ತಿರುಗಿ, ಹಾಕಿಕೊಂಡ ಹಲ್ಲು ಪೂರಾ ಕಾಣುವ ಹಾಗೆ ನಕ್ಕು, "ಸಾವಕಾಶ ಆಗ್ಲಿ, ಸುಮಾ" ಎಂದರು.